ಮೂರು ಡೆಸಿಬೆಲ್ ಕೆಳಗೆ

ಹಳೆಯ ಹೆರಿಂಗ್ ಮೀನಿನ ಗೋದಾಮು, ಈಗ ಸಭಾಂಗಣ.
ಹೊರಗೆ ಬೋಡೋದ ಮಧ್ಯಾಹ್ನದ ಕತ್ತಲು.
ಪರದೆಯ ಮುಂದೆ ಕೂತ ಟೋರುನ್
ಹನ್ನೆರಡು ಸ್ಪೀಕರುಗಳನ್ನು ಕರೆಯುತ್ತಾಳೆ;
ಹನ್ನೊಂದು ಓಗೊಡುತ್ತವೆ.
ಒಂಬತ್ತನೆಯದರ ಕೇಬಲ್ಲು ಸಡಿಲ. ಏಣಿ ಹತ್ತು, ಐವಿನ್.

‘ಲಿಮಿಟರ್ ಯಾಕೆ? ಮೆಲ್ಲಗೆ ಬಾರಿಸಿದರಾಯ್ತಲ್ಲ’
ಅನ್ನುತ್ತಾನೆ ಮೇಲಿನಿಂದ.
ಅವಳು ಜೇಬಿನಿಂದ ತೆಗೆದು ತೋರುತ್ತಾಳೆ
ಹೋದ ಚಳಿಗಾಲ ಸುಟ್ಟ ಸುರುಳಿ:
ತಾಮ್ರವೆಲ್ಲ ಮಸಿ, ಇನ್ನೂ ಕಮಟು.
ಬಿದ್ದದ್ದು ಒಂದು ಮೈಕು, ಅಷ್ಟೆ.
ಕೂಗಿದವರು ಯಾರೂ ಇಲ್ಲ.

ಸುರುಳಿ ತಾಳುವುದಕ್ಕಿಂತ ಮೂರು ಡೆಸಿಬೆಲ್ ಕೆಳಗೆ ಗೆರೆ.
ಹಿಡಿಯುವುದು ಎವೆ ಬಡಿಯುವುದಕ್ಕಿಂತ ಬೇಗ,
ಬಿಡುವುದು ನಿಧಾನ
(ದಡಕ್ಕನೆ ಬಿಟ್ಟರೆ ದನಿ ನಡುಗೀತು).

ಐವಿನ್ ಇಳಿದು ಬಂದು
ಮೈಕಿಗೆ ಬಾಯಿಟ್ಟು ಕಿರುಚುತ್ತಾನೆ.
ಕೆಂಪು ದೀಪ ಒಮ್ಮೆ ಮಿಟುಕುತ್ತದೆ.
‘ಏನೂ ಆಗಲೇ ಇಲ್ಲ!’

‘ಹ್ಞೂಂ’ ಅನ್ನುತ್ತಾಳೆ,
ಸೇವ್ ಒತ್ತಿ,
ಹತ್ತನೆಯದನ್ನು ಕರೆಯುತ್ತಾಳೆ.