ಋಣ ಚಿಹ್ನೆ

ಏಳನೆಯ ಕ್ಲಾಸಿನಲ್ಲಿ ಕಡಮಣ್ಣಾಯ ಮಾಷ್ಟ್ರು ಹೇಳಿದ್ದರು:
ಋಣವೆಂದರೆ ಸಾಲವಲ್ಲ ಮಕ್ಕಳೇ,
ಸೊನ್ನೆಯ ಎಡಗಡೆ ಇರುವ ಊರು.
ಕಿಟಕಿಯ ಎಡಗಡೆ ಕಡಲಿತ್ತು.
ಹಾಗಾಗಿ ಬಹಳ ವರ್ಷ ನಾನು
ಕಡಲನ್ನೇ ಋಣವೆಂದುಕೊಂಡಿದ್ದೆ.

ಈಗ ಆಳದ ಕಡತ ತೆರೆದರೆ ಎಲ್ಲ ತಿರುವುಮುರುವು.
ನೀರು ಧನ, ನೆಲ ಋಣ.
ಅಲೆಯ ಲೆಕ್ಕ ಕಟ್ಟಿದವರಿಗೆ
ನೆಲವೆಂದರೆ ಲೆಕ್ಕ ನಿಲ್ಲುವ ಜಾಗ, ಅಷ್ಟೆ.
ಶಿರಿಯ ಅಳಿವೆಯಿಂದ ತಲಪಾಡಿ ದಾಟಿ ಒಂದಿಷ್ಟು ದೂರ
ಹತ್ತು ಮೀಟರಿಗೊಂದು ಚೌಕ,
ಚೌಕಕ್ಕೊಂದು ಅಂಕಿ,
ಮೂರು ಲಕ್ಷಕ್ಕೆ ತುಸು ಕಡಿಮೆ ಅಂಕಿಗಳ ಚಾಪೆ
ಪರದೆಯ ಮೇಲೆ ಹಾಸಿ ಬಿದ್ದಿದೆ.

ಮೊದಲು ಗಡಿ ಷರತ್ತು ಕೊಡು ಎನ್ನುತ್ತದೆ ಸಮೀಕರಣ.
ಅಂಚಿನಲ್ಲಿ ಏನು ಬರುತ್ತದೆ, ಏನು ಹೋಗುತ್ತದೆ,
ಯಾವ ಬದಿ ತೆರೆದದ್ದು, ಯಾವ ಬದಿ ಗೋಡೆ.
ಮನೆಯಲ್ಲೊಂದು, ಬಸ್ಸಿನಲ್ಲೊಂದು,
ಪಂಚಾಯತಿನ ಕಿಟಕಿಯೆದುರು ಇನ್ನೊಂದು ಮಾತು
ಆಡುತ್ತ ಬೆಳೆದವಳಿಗೆ ಇದನ್ನು ಕಲಿಸಬೇಕೆ?
ಆದರೂ ಎಡವಿದೆ.
ಆಚೆಯ ಸರಕಾರ ಅಳೆದ ಆಳಕ್ಕೂ
ಈಚೆಯದು ಅಳೆದ ಆಳಕ್ಕೂ
ಮೂವತ್ತು ಸೆಂಟಿಮೀಟರು ಕೂಡಿಬರುವುದಿಲ್ಲ.
ತಲಪಾಡಿಯ ನೇರಕ್ಕೆ ನೀರಿನಡಿ ಒಂದು ಮೆಟ್ಟಿಲೆದ್ದು
ಪರದೆಯ ಅಲೆಗಳು ಮುಗ್ಗರಿಸುತ್ತಿದ್ದವು.
ಎರಡು ರಾತ್ರಿ ಕೂತು ಸವರಿ ನಯ ಮಾಡಿದೆ.
ಹೊರಗಿನ ಕಡಲಿಗೆ ಅದರ ಸುದ್ದಿಯೇ ಇಲ್ಲ.

ಅವ್ವಮ್ಮನ ಮನೆ, ಮುಸೋಡಿ:
ಅಡ್ಡಸಾಲು ೬೧೨, ನೀಟಸಾಲು ೧೮೮.
ಹೋದ ವರ್ಷದ ಕಡತದಲ್ಲಿ ಅಲ್ಲಿ
ಋಣ ಒಂದು ದಶಮಾಂಶ ಎರಡು.
ಅಂದರೆ ನೀರಿಗಿಂತ ಒಂದು ಮೀಟರೂ ಒಂದು ಗೇಣೂ ಮೇಲೆ
ಮೀನು ಒಣಗಿಸುವ ಅಂಗಳ,
ಕಾಯಿ ಬಿಡದ ಒಂದು ಪೇರಳೆ ಗಿಡ,
ಗೋಡೆಗೆ ಒರಗಿಸಿಟ್ಟ ಅಲ್ಯುಮಿನಿಯಂ ಚರಿಗೆ,
ಶಾಲೆಗೆ ಹೋಗುವವಳನ್ನು ಕರೆದು
ಬಿಸಿ ಪತ್ತಿರಿ ಕೈಗಿಡುತ್ತಿದ್ದ ಅಡುಗೆಮನೆ.
ಅದರ ಜಂತಿ ಎಷ್ಟು ತಗ್ಗೆಂದರೆ
ತಲೆ ಬಾಗಿಸದೆ ಯಾರೂ ಅಲ್ಲಿ ಹೊಕ್ಕದ್ದಿಲ್ಲ.

ಈ ಆಟಿ ಕಳೆದ ಮೇಲೆ ಹೊಸ ಅಳತೆ ಬಂತು.
ಅದೇ ಚೌಕ. ಸೊನ್ನೆ ದಶಮಾಂಶ ನಾಲ್ಕು.
ಮುಂದೆ ಆ ಪುಟ್ಟ ಗೀಟಿಲ್ಲ,
ಹೊಸ್ತಿಲಿನ ಹಾಗೆ ಅಡ್ಡ ಮಲಗಿರುತ್ತಿದ್ದ ಗೀಟು.
ಹಳೆಯ ಕಡತದಲ್ಲಿ ನಾನೇ ತಿದ್ದಿದೆ,
ಒಂದು ಕೀಲಿ, ಒಂದೇ ಸಲ ಒತ್ತಿ.
ನೆಲದ ಋಣ ತೀರಿತು ಎನ್ನುತ್ತಾರಲ್ಲ,
ಇಷ್ಟು ಸಲೀಸೆಂದು ಗೊತ್ತಿರಲಿಲ್ಲ.

ಮೊನ್ನೆ ಅವ್ವಮ್ಮ ಸಿಕ್ಕಿದರು
ಉಪ್ಪಳದಲ್ಲಿ, ವಿಲ್ಲೇಜ್ ಆಫೀಸಿನ ಮೆಟ್ಟಿಲಲ್ಲಿ.
ಮಗಳ ಬಾಡಿಗೆ ಮನೆಯಲ್ಲಿ ಈಗ ವಾಸ.
ಕೈಯಲ್ಲಿ ರಶೀದಿ, ಮುದ್ರೆಯ ಶಾಯಿ ಇನ್ನೂ ಹಸಿ:
ಐದು ಸೆಂಟ್ಸ್ ಜಾಗದ ಈ ವರ್ಷದ ತೆರಿಗೆ.
ಯಾವ ಜಾಗ ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ.
"ಕಟ್ಟಿದರೆ ಪುಸ್ತಕದಲ್ಲಾದರೂ ಇರುತ್ತದಲ್ಲ ಮಗಳೇ.
ನಂಬರು ಸರಿಯುಂಟಾ, ಓದಿ ಹೇಳು."
ಮಲಯಾಳದ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ.
ನಂಬರು ಸರಿಯಿತ್ತು.
"ನಿನ್ನ ಕಂಪ್ಯೂಟರಿನಲ್ಲಿ?"
ಉಂಟು, ಅಲ್ಲೇ ಉಂಟು ಎಂದೆ.
ಸುಳ್ಳಲ್ಲ. ಚೌಕ ಅಲ್ಲೇ ಇದೆ.

ರಾತ್ರಿ ನೈರುತ್ಯದ ಅಂಚಿನಿಂದ
ಮೂರು ಮೀಟರಿನ ಅಲೆಗಳನ್ನು ಬಿಟ್ಟೆ.
ಸೂತ್ರ ಇಷ್ಟೇ: ಆಳದ ಮುಕ್ಕಾಲಿಗಿಂತ
ತುಸು ಮೇಲಕ್ಕೆದ್ದ ಅಲೆ ಮುರಿಯಬೇಕು.
ನಲವತ್ತು ಸೆಂಟಿಮೀಟರು ನೀರಿಗೆ
ಮೂವತ್ತೊಂದರ ಅಲೆ, ಅದಕ್ಕೆ ಮೀರಿದ್ದು ನಿಲ್ಲದು.
ಹೊರಗೆ ಎಷ್ಟೆತ್ತರ ಮೆರೆದು ಬಂದರೂ
ಒಂದು ಬಿಳಿಯಾಗಿ ಕುಸಿಯಿತು, ಇನ್ನೊಂದು ಕುಸಿಯಿತು,
೬೧೨, ೧೮೮ಕ್ಕೆ ಬಂದವೆಲ್ಲ
ತಲೆ ತಗ್ಗಿಸಿಯೇ
ಅವ್ವಮ್ಮನ ಅಡುಗೆಮನೆ ಹೊಕ್ಕವು.

ಚಹಾ ಆರಿದೆ.
ಇನ್ನೂ ಏಳು ಗಂಟೆಯ ಲೆಕ್ಕ ಬಾಕಿ.