ಕೊಟ್ಟ ಹೆಸರು

ಮೊದಲ ಪುಟದಲ್ಲೇ ಎಡವಿದೆ.
ಕುಟುಂಬದ ಹೆಸರು ಎಂಬ ಚೌಕಕ್ಕೆ ಕೆಂಪು ನಕ್ಷತ್ರ,
ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗದು.
ನಮ್ಮಲ್ಲಿ ಕುಟುಂಬ ಇದೆ, ಅದಕ್ಕೊಂದು ಹೆಸರಿಲ್ಲ.
ಇರುವುದು ಒಂದು ಅಕ್ಷರ, ಕೆ.,
ಹಾಜರಿಯಲ್ಲಿ ಇಬ್ಬರು ತಿಪ್ಪಮ್ಮರನ್ನು
ಬೇರೆ ಮಾಡಲು ಮಾಸ್ತರು ಅಂಟಿಸಿದ್ದು.
ಬಿಡಿಸಿ ಬರೆದೆ: ಕುಡತಿನಿ.
ಚೌಕ ಒಪ್ಪಿಕೊಂಡಿತು.
ಊರೆಲ್ಲ ಈಗ ನನ್ನ ವಂಶ,
ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಯ ಖಾಜಾ ಸಾಬ್ ಸಮೇತ.

ಕೊಟ್ಟ ಹೆಸರು ಎಂಬಲ್ಲಿ ತೊಡಕಿಲ್ಲ.
ಕೊಟ್ಟದ್ದು ಅಜ್ಜಿ.
ಮೊದಲಿನ ಇಬ್ಬರು ಉಳಿಯಲಿಲ್ಲವೆಂದು
ಮೂರನೆಯದನ್ನು ತಿಪ್ಪೆಯ ಮೇಲೆ ಉರುಳಿಸಿ
ಯಾರಿಗೂ ಬೇಡಾದ ಹೆಸರಿಟ್ಟಳು,
ಸಾವು ಮೂಗು ಮುಚ್ಚಿಕೊಂಡು ಹೋಗಲೆಂದು.
ಹೋಯಿತು. ಹೈಸ್ಕೂಲಿನಲ್ಲಿ
ಹುಡುಗರೂ ಮೂಗು ಮುಚ್ಚಿಕೊಂಡರು.

ಸಂಶೋಧನೆಯ ವಿಷಯ, ಮುನ್ನೂರು ಪದ ಮೀರದಂತೆ:
ಊರಾಚೆ ಒಂದು ಬೂದಿದಿಬ್ಬ.
ರಕ್ಕಸನನ್ನು ಸುಟ್ಟ ಜಾಗ ಎನ್ನುತ್ತಾರೆ ಹಿರಿಯರು.
ಅಲ್ಲ, ಸಗಣಿ. ನಾಲ್ಕು ಸಾವಿರ ವರ್ಷ ಹಿಂದಿನ ದನದ ದೊಡ್ಡಿ,
ಕೂಡಿಟ್ಟು ಕೂಡಿಟ್ಟು ಸುಟ್ಟದ್ದು.
ಯಾಕೆ ಸುಟ್ಟರು? ಹಬ್ಬಕ್ಕೋ, ರೋಗಕ್ಕೋ, ಊರು ಬಿಡುವಾಗಲೋ,
ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು
ಇಂಗ್ಲಿಷಿನಲ್ಲಿ ಸೊಗಸಾಗಿ ಹೇಳಬೇಕು.
ಅಂದರೆ ತಿಪ್ಪೆ.
ತಿಪ್ಪಮ್ಮ ಓದುತ್ತಿರುವುದು ತಿಪ್ಪೆಯನ್ನು.
ಅಜ್ಜಿ ಇದ್ದಿದ್ದರೆ ಬಾಯಿಯ ಎಲೆ ಉಗುಳಿ ನಗುತ್ತಿದ್ದಳು.

ಅಲ್ಲಿಯ ಪ್ರಯೋಗಾಲಯದಲ್ಲಿ
ಬೂದಿಯನ್ನು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ಯುತ್ತಾರಂತೆ.
ದನ ಯಾವ ಹುಲ್ಲು ಮೇದಿತ್ತು, ಯಾವ ಮಳೆ ಮುಗಿದಿತ್ತು,
ಎಲ್ಲ ಕಾಣುತ್ತದಂತೆ.
ಇಲ್ಲಿ ನಮ್ಮ ವಿಭಾಗದ ಸೂಕ್ಷ್ಮದರ್ಶಕಕ್ಕೆ
ಬಟ್ಟೆ ಹೊದಿಸಿದ್ದಾರೆ. ಹೋದ ಆಯುಧಪೂಜೆಯ ಕುಂಕುಮ
ಇನ್ನೂ ಮಸೂರದ ಅಂಚಿಗಿದೆ.

ಆರು ತಿಂಗಳ ಅತಿಥಿ ವಿದ್ಯಾರ್ಥಿ.
ಪದವಿ ಇಲ್ಲ, ಅಂಕಪಟ್ಟಿ ಇಲ್ಲ,
ಒಂದು ಮೇಜು, ಒಂದು ಕೀಲಿ, ಲೈಬ್ರರಿ ಕಾರ್ಡು.
ಮೇಜಿಗೆ ಬಾಡಿಗೆ ಬೇರೆ.
"ನೆಂಟರ ಹತ್ರ ರೊಕ್ಕ ಇಸ್ಕಂತಾರೇನೇ?" ಅಂದಳು ಅವ್ವ,
ರೊಟ್ಟಿ ತಟ್ಟುವ ಕೈ ನಿಲ್ಲಿಸದೆ,
"ಎಂಥಾ ಮಂದಿಯೇ ಅವರು."

ಶಿಫಾರಸು ಪತ್ರ ಕೇಳಲು ಹೋದಾಗ
ಉತ್ತರಪತ್ರಿಕೆ ಕಟ್ಟುಗಳ ಹಿಂದಿನಿಂದ ಸರ್ ಹೇಳಿದರು,
"ನೀನೇ ಬರ್ಕೊಂಡು ಬಾರಮ್ಮ, ಸೈನ್ ಮಾಡ್ತೀನಿ."
ರಾತ್ರಿ ಕೂತೆ. ನನ್ನನ್ನು ಆಕೆ ಎಂದು ಕರೆದದ್ದು ಅದೇ ಮೊದಲು.
ಆಕೆ ಶ್ರಮಜೀವಿ, ಎಂದು ಬರೆದು ಅಳಿಸಿದೆ.
ಆಕೆ ಅಸಾಧಾರಣ, ಎಂದು ಬರೆದು
ಎದ್ದುಹೋಗಿ ನೀರು ಕುಡಿದು ಬಂದೆ.
ಕೊನೆಗೆ: ಆಕೆ ಎರಡು ಬೇಸಿಗೆ ದಿಬ್ಬದ ಮೇಲೆ
ಕೊಡೆ ಹಿಡಿದು ಕೂತು ನೂರಹನ್ನೊಂದು ಪದರ ಎಣಿಸಿದ್ದಾಳೆ.
ಬೂದಿ ತುಂಬಲು ಬಂದ ಟ್ರ್ಯಾಕ್ಟರಿಗೆ ಅಡ್ಡ ನಿಂತಿದ್ದಾಳೆ.
ಮರುದಿನ ಟ್ರ್ಯಾಕ್ಟರಿನವನಿಗೆ ಚಹಾ ಕೊಟ್ಟಿದ್ದಾಳೆ.
ಸರ್ ಚಹಾದ ಸಾಲಿಗೆ ಮಾತ್ರ ಗೀಟು ಹಾಕಿದರು,
ಸಹಿ ಮಾಡಿದರು, ಆಮೇಲೆ ಕನ್ನಡಕ ಮೇಲೆತ್ತಿ
ಯಾರೋ ಈಗಷ್ಟೇ ಒಳಗೆ ಬಂದಂತೆ ನನ್ನನ್ನು ನೋಡಿದರು.

ಜೊತೆಗೆ ತರುವ ವಸ್ತು: ಬೂದಿ, ಹದಿನಾಲ್ಕು ಡಬ್ಬಿ.
ನಿಯಮ ಏಳು. ಪರದೇಶದ ಮಣ್ಣನ್ನು
ಇಳಿದ ಕೂಡಲೇ ಒಲೆಗಿಟ್ಟು ಕಾಯಿಸಲಾಗುವುದು, ರೋಗಾಣು ಸಾಯಲೆಂದು.
ಅಷ್ಟು ಹಿಂದೆ ಸುಟ್ಟದ್ದನ್ನು
ಮತ್ತೊಮ್ಮೆ ಸುಟ್ಟು ಒಳಗೆ ಬಿಡುತ್ತಾರೆ.
ಒಪ್ಪಿಗೆ ಎಂದು ಗುರುತು ಹಾಕಿದೆ.

ಅಪ್ಪ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದ.
ಹುಬ್ಬು, ಮೀಸೆ, ಕಿವಿಯ ಸಂದು, ಎಲ್ಲೆಡೆ ಹಾರುಬೂದಿ,
ಬೆಳಿಗ್ಗೆಗಿಂತ ಹತ್ತು ವರ್ಷ ಮುದುಕ.
"ಇದಕ್ಕೆಷ್ಟು ವರ್ಷ ಹೇಳು ನೋಡಾನ," ತೋಳು ಝಾಡಿಸಿ ನಕ್ಕ,
"ಇವತ್ತಿಂದು. ಇನ್ನಾ ಬಿಸಿ ಐತಿ."
ಮುಖ ತೊಳೆಯಲು ಹೋದ, ತನ್ನ ವಯಸ್ಸಿಗೆ ವಾಪಸಾಗಲು.

ಕಳಿಸು ಒತ್ತುವ ಹೊತ್ತಿಗೆ ಕರೆಂಟು ಹೋಯಿತು.
ಸ್ಥಾವರದ ದೀಪಗಳೇನೋ ಉರಿಯುತ್ತಿದ್ದವು.
ಫೋನಿನ ನೆಟ್‌ಗೆ ಜೋಡಿಸಿ ಕಾದೆ,
ತೆರೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ನಿಂತಿತು.
ಕ್ಷಣದಲ್ಲೇ ಯಂತ್ರದ ಉತ್ತರ:
ಪ್ರಿಯ ಕುಡತಿನಿ,
ನಿಮ್ಮ ಅರ್ಜಿ ತಲುಪಿದೆ. ಎಂಟು ವಾರ ಕಾಯಿರಿ.

ಬಾಗಿಲು ತೆಗೆದು ಹೊರಗೆ ಬಂದೆ.
ಊರು ಮಲಗಿತ್ತು.
ನಿನಗೊಂದು ಪತ್ರ ಬಂದಿದೆ ಎನ್ನಲು
ಯಾರ ಮನೆಯ ಚಿಲಕ ಬಡಿಯಲಿ?