ನಾಲ್ಕನೆಯ ಸುಳಿವು

ಗುರುವಾರ ರಾತ್ರಿ ಹತ್ತಕ್ಕೆ ಮೊದಲ ಸುಳಿವು ಬೀಳುತ್ತದೆ.
ಈ ವಾರದ ಒಗಟು ನೆರಿಸಳದು, ಸ್ವಾನ್‌ಸಿಯಿಂದ:
ಸೂಜಿ.
ಅಷ್ಟೇ.

ನಾನಿಲ್ಲಿ ಹಂಬರ್ ಸೇತುವೆಯ ಸುಂಕದ ಗೂಡಿನಲ್ಲಿ
ಚಿಲ್ಲರೆ ಎಣಿಸುತ್ತ ಕೂತಿದ್ದೇನೆ,
ಮೊಣಕಾಲಿಗೆ ಹೀಟರು, ಮೊಣಕೈಗೆ ಫೋನು.
ಒಂದು ಲಾರಿಗೂ ಇನ್ನೊಂದು ಲಾರಿಗೂ ನಡುವೆ
ಯೋಚಿಸಲು ಸಿಕ್ಕರೆ ಸಿಕ್ಕಿತು ನಾಲ್ಕು ನಿಮಿಷ.
"ಸೇತುವೆ ಕಾಯುವವಳಿಗೆ ಕೊಂಡಿ ಕಾಣದೇ?"
ಲಾಸೆಲ್ಸ್‌ನ ಈ ಹಾಸ್ಯಕ್ಕೀಗ ಒಂಬತ್ತು ವರ್ಷ;
ಬರ್ಮಿಂಗ್‌ಹ್ಯಾಮಿನಲ್ಲಿ ಅವನು ಓಡಿಸುವ
ಹನ್ನೊಂದನೇ ನಂಬರಿನ ಬಸ್ಸಿನ ಹಾಗೆ
ಊರೆಲ್ಲ ಸುತ್ತಿ ಹೊರಟಲ್ಲಿಗೇ ಬರುತ್ತದೆ.

ಒಂದೇ ಸುಳಿವಿಗೆ ಬಿಡಿಸಿದರೆ ನಾಲ್ಕು ಅಂಕ.
ಆಸೆಗೆ ಬಿದ್ದು "ದರ್ಜಿಯ ಪೆಟ್ಟಿಗೆ" ಅಂದೆ. ಅಲ್ಲವಂತೆ.
ಎರಡನೆಯದು: ಆಲೂಗಡ್ಡೆ.
"ಚುಚ್ಚಿದರೆ ಬೆಂದಿದೆಯೋ ತಿಳಿಯುತ್ತದೆ," ಲಾಸೆಲ್ಸ್.
"ಅದು ನಂಟಲ್ಲ ಮಾರಾಯ, ಅಡುಗೆ."
ಮೂರನೆಯದು: ಚಂಡಮಾರುತ.
ಆಗ ಸ್ಟಾರ್ನೊವೇಯ ಟಾರ್ಕಿಲ್,
ಅಲ್ಲಿಯವರೆಗೂ ಪಿಟ್ಟೆನ್ನದವನು,
ಒಂದೇ ಪದ ಇಟ್ಟ: ಕಣ್ಣು.
ಇದ್ದೂ ನೋಡಲಾರದ ಕಣ್ಣು.
ಎರಡು ಅಂಕ. ನೆರಿಸಳ ನವಿಲುಗರಿ
ಬತ್ತಳಿಕೆಯಲ್ಲೇ ಉಳಿಯಿತು.

ನಾವು ಮುಖ ಕಂಡವರಲ್ಲ.
ತಪ್ಪು ಊಹೆಗಳಿಂದಲೇ ಪರಿಚಯ.
ಏನು ಕೊಟ್ಟರೂ ನೆರಿಸ್‌ಗೆ ಮೊದಲು ಹೊಳೆಯುವುದು ಹಕ್ಕಿ,
ಲಾಸೆಲ್ಸ್‌ಗೆ ಕ್ರಿಕೆಟ್ಟು,
ನನಗೆ, ಮುಳುಗಿದ ಮೀನುದೋಣಿಗಳ ಹೆಸರು;
ಅಪ್ಪ ಒಂದರಲ್ಲಿದ್ದ.
ಟಾರ್ಕಿಲ್ ಮಾತ್ರ ತಪ್ಪಿದವನೇ ಅಲ್ಲ.
ಹಾಗಾಗಿ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ.

ಮುಂದಿನ ಗುರುವಾರ ಅವನ ಸರದಿ.
ಒಂಬತ್ತೂ ಇಪ್ಪತ್ತಕ್ಕೇ, ನಾಲ್ಕೂ ಒಟ್ಟಿಗೆ ಬಂದವು:
ಈರುಳ್ಳಿ, ಒಂದು.
ಬೆಂಕಿಪೊಟ್ಟಣ.
ಗಂಟಲು ಮಾತ್ರೆ.
ಮೇಣದಬತ್ತಿ, ಸಣ್ಣವು.

ಎಂಥ ಹೊಸ ಪಟ್ಟು ಇದು, ಅಂದುಕೊಂಡೆವು.
ಕಣ್ಣೀರು ಅಂದಳು ನೆರಿಸ್: ಈರುಳ್ಳಿ ತರಿಸುತ್ತದೆ,
ಮೇಣ ಸುರಿಸುತ್ತದೆ. ಕಡ್ಡಿ? ಕಡ್ಡಿಗೆ ಕಣ್ಣೀರೆಲ್ಲಿ.
ತಲೆಯಿಂದ ಸಾಯುವವು ಅಂದೆ. ಮಾತ್ರೆಗೆ ತಲೆಯಿಲ್ಲ.
ಲಾಸೆಲ್ಸ್ ಬಸ್ಸನ್ನು ಡಿಪೋಕ್ಕೆ ಬಿಟ್ಟು ಬಂದು
ನಿಧಾನವಾಗಿ ಬರೆದ:
ತಾವು ಇಲ್ಲವಾಗುತ್ತ ಕೆಲಸಕ್ಕೆ ಬರುವವು.
ಸುಲಿದು, ಗೀರಿ, ಚೀಪಿ, ಕರಗಿ.
ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ವ್ಯಾನಿನವನೊಬ್ಬ ಚಿಲ್ಲರೆಗೆ ಕೈ ಚಾಚಿದಾಗ
ಅವನಿಗೂ ಓದಿ ಹೇಳಿದೆ.
"ನಮ್ಮ ಮನೆಯವಳ ಅಂಗಡಿ ಚೀಟಿ ಇದ್ದ ಹಾಗಿದೆ."
ಪಾಪ, ಇವನಿಗೇನು ಗೊತ್ತು ಅನ್ನಿಸಿತು;
ಅಡ್ಡಗಂಬ ಎತ್ತಿದೆ.

ಹನ್ನೊಂದೂವರೆಗೆ ಟಾರ್ಕಿಲ್: "ಕ್ಷಮಿಸಿ.
ಅದು ಒಗಟಲ್ಲ. ಮರೆಯಬಾರದೆಂದು
ನನಗೇ ಕಳಿಸಿಕೊಂಡದ್ದು, ನಿಮಗೆ ಬಂದಿದೆ."

ನಕ್ಕೆವು ಅಂದರೆ ನಕ್ಕೆವು.
ಗೂಡಿನ ಗಾಜು ನನ್ನುಸಿರಿಗೆ ಮಂಜಾಯಿತು.
ಇನ್ನೂ ನಗು ಮುಗಿದಿರಲಿಲ್ಲ, ನೆರಿಸ್ ಕೇಳಿದಳು:
ಒಂದೇ ಈರುಳ್ಳಿ ತರುವವನಿಗೆ
ಸಣ್ಣ ಮೇಣದಬತ್ತಿ ಯಾತಕ್ಕೆ?

ಅವನ ಹೆಸರಿನ ಪಕ್ಕ ಮೂರು ಚುಕ್ಕಿ
ಮೂಡಿದವು, ಅಳಿಸಿದವು, ಮತ್ತೆ ಮೂಡಿದವು.
ನದಿಯ ಮೇಲೆ ಎರಡು ಕಾರು ಬಂದು ಹೋದವು.
ಅಷ್ಟರಲ್ಲಿ ಅವಳೇ ಬರೆದಳು:
"ಹುಟ್ಟುಹಬ್ಬ. ಇವತ್ತು. ನಾಲ್ಕು ಅಂಕ ನನಗೆ."

"ಒಂದು," ಎಂದ ಟಾರ್ಕಿಲ್.
"ನಾಲ್ಕೂ ಸುಳಿವು ನೋಡಿದ್ದೀಯ."

ಎಷ್ಟನೆಯದು ಎಂದು ಕೇಳಿದರೆ ಹೇಳಲೊಲ್ಲ.
ಲಾಸೆಲ್ಸ್ ಎಪ್ಪತ್ತೊಂದು ಅಂದ, ನಾನು ಎಂಬತ್ತು;
ಎರಡಕ್ಕೂ ಅವನು ಬರೆದದ್ದು "ಅಲ್ಲ" ಎಂದು.
ಕಡ್ಡಿಗೂ ಬತ್ತಿಗೂ ತಾಳೆಯಾಯಿತು.
ಮಾತ್ರೆ, ಹಾಡುವುದಕ್ಕಿರಬೇಕು; ಒತ್ತಿ ಕೇಳಲಿಲ್ಲ.
ಈರುಳ್ಳಿ ಮಾತ್ರ ಯಾವುದಕ್ಕೂ ಸೇರದೆ ಉಳಿದಿದೆ.
ಬೆಳಗಿನ ಜಾವ ಎರಡಾದರೂ
ಊಹೆಗಳು ಬರುತ್ತಲೇ ಇವೆ.